ಅಕ್ಕನ ಹೆಸರಿಗೆ ನಾನು ಓಗೊಟ್ಟದ್ದು

ನಮ್ಮ ಮನೆ ಉಪ್ಪಿನಂಗಡಿ ಪೇಟೆಯಲ್ಲಿ, ದೊಡ್ಡಪ್ಪನ ಜವಳಿ ಅಂಗಡಿಯ ಮೇಲೆಯೇ ಇತ್ತು. ಕೆಳಗೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮಹಡಿಯಲ್ಲಿ ನಾವು ಹೆಂಗಸರು: ಅಜ್ಜಿ, ದೊಡ್ಡಮ್ಮ, ಉಮ್ಮ ಎಂದು ನಾನು ಕರೆಯುವ ನನ್ನ ತಾಯಿ, ಮತ್ತೆ ನಾವಿಬ್ಬರು ಹುಡುಗಿಯರು. ಮಹಡಿಯ ಬೀದಿ ಬದಿಗೆ ಮರದ ಪಟ್ಟಿಗಳನ್ನು ಓರೆಯಾಗಿ ಕೂರಿಸಿದ ಒಂದು ಕಿಟಕಿ ಇತ್ತು. ಒಳಗಿನಿಂದ ನೋಡಿದರೆ ಬಸ್ಸು ನಿಲ್ಲುವ ಜಾಗ, ಎದುರಿನ ಹೋಟೆಲು, ಅಂಗಡಿಗೆ ಬರುವವರ ನೆತ್ತಿ, ಎಲ್ಲ ಕಾಣುತ್ತಿತ್ತು. ಹೊರಗಿನವರಿಗೆ ಕಿಟಕಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹದಿನೇಳನೇ ವಯಸ್ಸಿನವರೆಗಿನ ನನ್ನ ಲೋಕಜ್ಞಾನದಲ್ಲಿ ಅರ್ಧ ಭಾಗ ಆ ಪಟ್ಟಿಗಳ ನಡುವಿನ ಬೆರಳಗಲದ ಸಂದಿನಿಂದಲೇ ಬಂದದ್ದು.

ಉಳಿದರ್ಧ ಶಾಲೆಯಿಂದ ಬಂತು. ನನ್ನ ಬಾಪ, ಅಂದರೆ ಅಪ್ಪ, ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಸಾಯುವ ಮುಂಚೆ ಅಣ್ಣನ ಕೈ ಹಿಡಿದು, 'ಇವಳನ್ನು ಏಳನೇ ಕ್ಲಾಸಿನವರೆಗೆ ಓದಿಸಿ' ಎಂದು ಕೇಳಿಕೊಂಡಿದ್ದರಂತೆ. ದೊಡ್ಡಪ್ಪ ಮಾತು ಉಳಿಸಿಕೊಂಡರು. ತಮ್ಮ ಸ್ವಂತ ಮಗಳನ್ನು ಮಾತ್ರ ಶಾಲೆಯ ಮೆಟ್ಟಿಲು ಹತ್ತಿಸಲಿಲ್ಲ. ಅವಳು ನನಗಿಂತ ಒಂದು ವರ್ಷ ದೊಡ್ಡವಳು, ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಜ್ಜಿಯ ಹತ್ತಿರ ಮನೆಯಲ್ಲೇ ಕುರ್‌ಆನ್ ಓದಲು ಕಲಿತದ್ದು ಬಿಟ್ಟರೆ ಅವಳಿಗೆ ಬೇರೆ ಓದಿಲ್ಲ, ಕನ್ನಡದ ಅಕ್ಷರ ಕಲಿಸಿದವಳು ನಾನೇ.

ಇಲ್ಲಿ ಒಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಹೊರಗಿನ ಗಂಡಸರ ಕಿವಿಗೆ ಬೀಳುವಂತೆ ಯಾರೂ ಕರೆಯುತ್ತಿರಲಿಲ್ಲ. ಅಂಗಡಿಯಲ್ಲಿ ಜನ ಇದ್ದರೆ ದೊಡ್ಡಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮುತ್ತಿದ್ದರು, ನಾವು ಇಳಿದು ಬರುತ್ತಿದ್ದೆವು. ಅಂಗಡಿ ಖಾಲಿಯಿದ್ದಾಗ ಮಾತ್ರ ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಹೆಸರನ್ನು ಹೊರಗಿನ ಗಂಡಸೊಬ್ಬ ಗಟ್ಟಿಯಾಗಿ ಕರೆದದ್ದು ಶಾಲೆಯಲ್ಲಿ, ಹಾಜರಿ ಪುಸ್ತಕ ಹಿಡಿದ ಮಾಸ್ತರರು ಮಾತ್ರ. 'ಹಾಜರ್' ಎಂದು ನಾನು ಎಷ್ಟು ಜೋರಾಗಿ ಹೇಳುತ್ತಿದ್ದೆನೆಂದರೆ ಅವರು ಒಮ್ಮೆ, 'ನೀನು ಇಲ್ಲಿ ಇದ್ದೀಯೆಂದು ಪುತ್ತೂರಿಗೆಲ್ಲ ಗೊತ್ತಾಯಿತು ಮಾರಾಯ್ತಿ' ಎಂದು ನಗಾಡಿದ್ದರು. ಅಕ್ಕನ ಹೆಸರನ್ನು ಹಾಗೆ ಕರೆದ ಹೊರಗಿನ ಗಂಡಸು ಒಬ್ಬನೂ ಇರಲಿಲ್ಲ. ಇದನ್ನು ಆಗ ನಾವು ಒಂದು ಕೊರತೆ ಎಂದು ಎಣಿಸಿರಲಿಲ್ಲ.

ಮಧ್ಯಾಹ್ನ ಅಡುಗೆ ಕೆಲಸ ಮುಗಿದ ಮೇಲೆ ನಾವಿಬ್ಬರೂ ಕಿಟಕಿಗೆ ಮೊಣಕೈ ಊರಿ ಕೂರುತ್ತಿದ್ದೆವು. ಸುಳ್ಯದ ಕಡೆಯಿಂದ ಬರುವ ಒಬ್ಬರು ಟೀಚರಮ್ಮ ಬಸ್ಸಿಳಿದು ದೊಡ್ಡಪ್ಪನ ಅಂಗಡಿಗೆ ಬಂದರೆ ನಮಗೆ ಹಬ್ಬ. ಅವರ ಸೀರೆಯ ನೆರಿಗೆ ಎಷ್ಟು, ರವಿಕೆಯ ತೋಳು ಎಲ್ಲಿಗೆ ನಿಂತಿದೆ, ಜಡೆ ಒಂದೋ ಎರಡೋ ಎಂಬುದೆಲ್ಲ ನಮಗೆ ಬಾಯಿಪಾಠ. ನಾವು ಉಡುತ್ತಿದ್ದದ್ದು ಸೊಂಟಕ್ಕೆ ಸುತ್ತುವ ತುಣಿ, ಮೇಲೆ ಉದ್ದ ತೋಳಿನ ಕುಪ್ಪಾಯ, ತಲೆಗೊಂದು ವಸ್ತ್ರ. ಆ ವರ್ಷ ಅಂಗಡಿಗೆ ನೈಲಾನ್ ಸೀರೆ ಬಂದಿತ್ತು. ದೊಡ್ಡಪ್ಪ ಅದನ್ನು ಊರಿಗೆಲ್ಲ ಮಾರಿದರು, ಮನೆಗೆ ಮಾತ್ರ ತರಲಿಲ್ಲ.

"ಮುಷ್ಟಿಯೊಳಗೆ ಹಿಡಿಯುತ್ತದಂತೆ ಇಡೀ ಸೀರೆ," ಎಂದು ಅಕ್ಕ ಹೇಳುತ್ತಿದ್ದಳು. "ಒಗೆದು ಕೊಡವಿದರೆ ಒಣಗಿತು. ನನ್ನ ಮದುವೆಗೆ ಒಂದು ಬೇಕು."

"ದೊಡ್ಡಪ್ಪ ಬಿಡ್ತಾರಾ?"

"ಮದುವೆ ಆದ ಮೇಲೆ ಅವರಿಗೆಂತ? ನಾನು ಗಂಡನ ಹತ್ರ ಕೇಳುದು."

ಮನೆಯಲ್ಲಿ ನಾವು ಆಡುತ್ತಿದ್ದದ್ದು ಬ್ಯಾರಿ ಭಾಷೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪತ್ರಿಕೆ ಮನೆಗೆ ಬರುತ್ತಿತ್ತು, ಆದರೆ ಹಳೆಯದಾಗಿ. ಬಟ್ಟೆ ಕಟ್ಟಲು ಮಂಗಳೂರಿನಿಂದ ರಾಶಿ ರಾಶಿ ಹಳೇ ಪೇಪರು ಬರುತ್ತಿತ್ತು, ನಾವು ಅದನ್ನು ಬಿಡಿಸಿ ಓದುತ್ತಿದ್ದೆವು. ಚೀನಾದೊಡನೆ ಯುದ್ಧ ಮುಗಿದು ಎಲ್ಲರೂ ಮರೆಯುವ ಹೊತ್ತಿಗೆ ನಮ್ಮ ಮಹಡಿಯಲ್ಲಿ ಅದು ಶುರುವಾಯಿತು. ಊರ ಹೆಂಗಸರು ದೇಶಕ್ಕೆಂದು ಬಳೆ ಬಿಚ್ಚಿ ಕೊಟ್ಟ ಸುದ್ದಿ ಓದಿ ಅಕ್ಕ ತನ್ನ ಕಿವಿ ಮುಟ್ಟಿಕೊಂಡು, "ಇದನ್ನು ಕೊಟ್ಟರೆ ಆದೀತಾ? ತೆಗೆಯುವಾಗಲೇ ಯುದ್ಧ ಮುಗಿದುಹೋದೀತು" ಎಂದಳು. ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ಚುಚ್ಚಿ ಹಾಕುವ ಚಿನ್ನದ ಉಂಗುರಗಳಿಗೆ ನಮ್ಮಲ್ಲಿ ಅಲಿಕತ್ತು ಎನ್ನುತ್ತಾರೆ. ಅವಳ ಬಲಗಿವಿಯಲ್ಲಿ ಏಳು, ಎಡಗಿವಿಯಲ್ಲಿ ಆರು. ಎಡಗಿವಿಯ ಮೇಲ್ತುದಿಯ ತೂತು ಎಷ್ಟು ಸಲ ಚುಚ್ಚಿದರೂ ಮುಚ್ಚಿಕೊಳ್ಳುತ್ತಿತ್ತು. ನಾನು ಮಾತ್ರ ಹಟ ಹಿಡಿದು ಒಂದೊಂದೇ ತೂತಿನಲ್ಲಿ ಉಳಿದಿದ್ದೆ. ಟೀಚರಮ್ಮನ ಹಾಗೆ ಒಂದೊಂದೇ ಓಲೆ ಹಾಕುವುದು ನನ್ನ ಆಸೆಯಾಗಿತ್ತು.

ಆ ಬೇಸಿಗೆಯಲ್ಲಿ ಅಕ್ಕನಿಗೆ ಕಡಬದ ಕಡೆಯ ಸಂಬಂಧ ಗಟ್ಟಿಯಾಯಿತು. ಹುಡುಗ ಗುಂಡ್ಯದ ಮರದ ಡಿಪೋದಲ್ಲಿ ಲಾರಿಗಳ ಉಸ್ತುವಾರಿ ನೋಡುತ್ತಿದ್ದ. ಮದುವೆಗೆ ಮುಂಚೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ ಮಾತೇ ಇರಲಿಲ್ಲ. ಆದರೆ ಕಿಟಕಿಗೆ ಆ ನಿಯಮ ಇರಲಿಲ್ಲವಲ್ಲ! ಒಂದು ದಿನ ಅವನ ಲಾರಿ ಎದುರಿನ ಹೋಟೆಲಿನ ಮುಂದೆ ನಿಂತಿತು. ಅಕ್ಕ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ನಿಂತಳು.

"ನೀನು ನೋಡಿ ಹೇಳು. ಹೇಗೆ ಉಂಟು?"

ನಾನು ನೋಡಿದೆ. ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಕುಡಿದಾದ ಮೇಲೆ ಲೋಟವನ್ನು ತಾನೇ ಒಳಗೆ ಕೊಂಡುಹೋಗಿ ಇಟ್ಟು ಬಂದ. ಎತ್ತರದ ಜನ, ಮೋರೆಯಲ್ಲಿ ಅವಸರ ಇಲ್ಲ. ನಾನು ತುಂಬಾ ಹೊತ್ತು ನೋಡಿದೆ.

"ಎಂತ ಇಲ್ಲ ಮಾರಾಯ್ತಿ, ಕಡ್ಡಿ ಪೈಲ್ವಾನ. ಹಲ್ಲು ಉಬ್ಬು," ಎಂದೆ.

ಅಕ್ಕ ನಕ್ಕಳು, ಆಮೇಲೆ ಸ್ವಲ್ಪ ಅತ್ತಳು. ನನಗೆ ಹೊಟ್ಟೆಕಿಚ್ಚಾಗಿತ್ತು. ಇಷ್ಟು ವರ್ಷ ಕಳೆದ ಮೇಲೆ ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯ ನನಗಿಲ್ಲ. ಆ ಹುಡುಗ ಅವಳಿಗೆ ಬೇಡ, ನನಗಿರಲಿ ಎಂದು ಅನಿಸಿತು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಆದರೆ ಅನಿಸಿದ್ದು ಹೌದು.

ಆ ಆಟಿ ತಿಂಗಳ ಮಳೆಗೆ ಹೊಳೆ ಪೇಟೆಯವರೆಗೂ ಬಂದಿತ್ತು. ಅಂಗಡಿಯ ಬಟ್ಟೆಯ ಕಟ್ಟುಗಳನ್ನೆಲ್ಲ ಮಹಡಿಗೆ ಸಾಗಿಸಿ, ಅವುಗಳ ನಡುವೆ ನಾವು ಮಲಗುತ್ತಿದ್ದೆವು. ಅಕ್ಕನಿಗೆ ಜ್ವರ ಬಂತು. ಊರ ಪಂಡಿತರ ಮದ್ದು ಹಿಡಿಯಲಿಲ್ಲ, ಪುತ್ತೂರಿನ ಆಸ್ಪತ್ರೆಗೆ ಹೋಗೋಣವೆಂದರೆ ರಸ್ತೆಯೇ ನೀರಿನಡಿ. ಒಂಬತ್ತನೇ ದಿನ ಬೆಳಿಗ್ಗೆ, ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ, ಅವಳು ಹೋದಳು. ಕೊನೆಗೆ ಹೇಳಿದ್ದು ನನ್ನ ಹತ್ತಿರ.

"ನೀನು ಸುಳ್ಳು ಹೇಳಿದ್ದು. ಅವನ ಹಲ್ಲು ಉಬ್ಬು ಅಲ್ಲ. ನಾನು ಕೂಡಾ ನೋಡಿದ್ದೇನೆ."

ಯಾವಾಗ ನೋಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಲವತ್ತು ದಿನ ಕಳೆಯಿತು. ಕಡಬದವರು ಬಂದು ದುಃಖ ಹಂಚಿಕೊಂಡರು. ಹೋಗುವಾಗ, 'ನಾವು ಮಾತು ಕೊಟ್ಟದ್ದು ಈ ಮನೆಗೆ' ಎಂದರು. ದೊಡ್ಡಪ್ಪನಿಗೆ ಬೇರೆ ಮಕ್ಕಳಿರಲಿಲ್ಲ. ನಮ್ಮ ಕಡೆ ಹೆಚ್ಚಾಗಿ ಮದುವೆಯಾದ ಹುಡುಗಿ ತಾಯಿಮನೆಯಲ್ಲೇ ಉಳಿಯುತ್ತಾಳೆ, ಗಂಡ ಅಲ್ಲಿಗೆ ಬಂದು ಹೋಗುತ್ತಾನೆ. ಮಗಳೂ ಇಲ್ಲದೆ, ಅಳಿಯನೂ ಬಾರದೆ ಆ ಮಹಡಿ ಖಾಲಿಯಾಗುವುದು ದೊಡ್ಡಮ್ಮನಿಗೆ ಸಹಿಸಲಾಗಲಿಲ್ಲ. ಹೀಗೆ ನನ್ನ ಮದುವೆ ನಿಶ್ಚಯವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ 'ಆಗಲಿ' ಎನ್ನುತ್ತಿದ್ದೆ ಎಂಬುದೇ ನನಗೆ ಭಯ ತಂದದ್ದು.

ಅಕ್ಕನಿಗಾಗಿ ಹೊಲಿಸಿಟ್ಟಿದ್ದ ಮದುವೆಯ ಕುಪ್ಪಾಯವನ್ನು ದೊಡ್ಡಮ್ಮ ತಂದು ನನಗೆ ತೊಡಿಸಿದರು. ನಾನು ಅವಳಿಗಿಂತ ಕುಳ್ಳಿ, ಭುಜವೂ ಅಗಲ. ಆದರೂ ಅದು ನನಗೆ ಎಲ್ಲೂ ಬಿಗಿಯಾಗಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ದೊಡ್ಡಮ್ಮ ನನ್ನ ತೋಳನ್ನು ಮೇಲಿನಿಂದ ಕೆಳಗೆ ಸವರಿ ಹೋದರು. ಆಮೇಲೆ ಅಲಿಕತ್ತಿನ ಸರದಿ. ಊರಿನ ಮುದುಕಿಯೊಬ್ಬಳು ಬಂದು ನಿಂಬೆ ಮುಳ್ಳಿನಿಂದ ನನ್ನ ಕಿವಿಗಳನ್ನು ಸಾಲಾಗಿ ಚುಚ್ಚಿ, ತೂತುಗಳಲ್ಲಿ ತೆಂಗಿನಗರಿಯ ಕಡ್ಡಿ ಸಿಕ್ಕಿಸಿದಳು. ನನ್ನ ಹಟ ಎಲ್ಲಿ ಹೋಗಿತ್ತೋ, ನಾನು ಅಳಲೂ ಇಲ್ಲ. ಎರಡು ಕಿವಿಗೂ ಏಳೇಳು ಚುಚ್ಚಿದ್ದಳು. ಹದಿನೈದು ದಿನದಲ್ಲಿ ಎಲ್ಲ ಮಾಗಿದವು, ಎಡಗಿವಿಯ ಮೇಲ್ತುದಿಯದ್ದೊಂದು ಮುಚ್ಚಿಹೋಯಿತು. ಮುದುಕಿ ಮತ್ತೊಮ್ಮೆ ಚುಚ್ಚಿದಳು, ಮತ್ತೊಮ್ಮೆ ಮುಚ್ಚಿತು. ಮೂರನೇ ಸಲ ಅವಳು ಮುಳ್ಳನ್ನು ಕೆಳಗಿಟ್ಟು, "ಇದು ಬೇಡ. ಇದು ಅವಳ ಹಾಗೆಯೇ ಇರುದು" ಎಂದು ಎದ್ದು ಹೋದಳು.

ಅದೇ ದಿನಗಳಲ್ಲಿ ಕರೆಯುವುದು ಶುರುವಾಯಿತು. ಮೊದಲು ದೊಡ್ಡಮ್ಮ, ನನ್ನ ತಲೆಗೆ ಎಣ್ಣೆ ಹಚ್ಚುವಾಗ ಅಕ್ಕನ ಹೆಸರು ಹೇಳಿದರು. ಬಾಯಿ ತಪ್ಪಿ ಬಂದಿರಬೇಕು ಎಂದುಕೊಂಡೆ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ದೊಡ್ಡಪ್ಪ ಮೆಟ್ಟಿಲ ಬುಡದಿಂದ ಅಕ್ಕನ ಹೆಸರು ಹಿಡಿದು ಕೂಗಿದರು. ನಾನು ಕಿಟಕಿಯ ಹತ್ತಿರ ಒಬ್ಬಳೇ ಕೂತಿದ್ದೆ.

"ಆ," ಎಂದೆ.

ನನಗೆ ತಿಳಿಯುವ ಮುಂಚೆಯೇ ಅದು ಬಾಯಿಂದ ಬಂದುಬಿಟ್ಟಿತ್ತು. ನಾನು ಮೆಟ್ಟಿಲ ತುದಿಗೆ ಬಂದು ನೋಡಿದರೆ ದೊಡ್ಡಪ್ಪ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ಮುಖದಲ್ಲಿ ತಪ್ಪಾಯಿತೆಂಬ ಭಾವವಿರಲಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದ ಉತ್ತರ ಕೊನೆಗೂ ಸಿಕ್ಕಿದವರ ಮುಖ ಅದು. "ನೀರು ಕೊಂಡು ಬಾ" ಎಂದರು. ನಾನು ಕೊಂಡುಹೋಗಿ ಕೊಟ್ಟೆ.

ಅಲ್ಲಿಂದ ಮೇಲೆ ನನ್ನ ಹೆಸರು ಆ ಮನೆಯಲ್ಲಿ ದಿನದಿಂದ ದಿನಕ್ಕೆ ಕಡಿಮೆಯಾಯಿತು. ನನ್ನ ಉಮ್ಮ ಕೂಡಾ ಜಗಳ ಯಾಕೆಂದು ನನ್ನನ್ನು 'ಇವಳೇ' ಎನ್ನತೊಡಗಿದರು. ವಿಧವೆ, ಮರಳಲು ತಾಯಿಮನೆಯೂ ಇಲ್ಲದೆ ಭಾವನ ಮನೆಯಲ್ಲಿ ಉಣ್ಣುವವರು, ಅವರಾದರೂ ಎಂತ ಮಾಡಿಯಾರು? ಕಿಟಕಿಯ ಬಳಿ ಹೋದರೆ ಅಕ್ಕ ಮೊಣಕೈ ಊರುತ್ತಿದ್ದ ಜಾಗದ ಮರ ಬೆಚ್ಚಗಿರುತ್ತಿತ್ತು. ಬಿಸಿಲು ಬೀಳುವ ಕಡೆ ನನ್ನದು, ಅವಳದ್ದು ನೆರಳಿನ ಕಡೆ. ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಬಾಚಣಿಗೆಯಲ್ಲಿ ಉದ್ದನೆಯ ಕೂದಲು ಸಿಕ್ಕರೆ ಅದು ಯಾರದ್ದೆಂದು ನೋಡದೆ ಸುತ್ತಿ ಬಿಸಾಡುತ್ತಿದ್ದೆ. ಅವಳಿಗೆ ನಿಶ್ಚಯವಾದವನನ್ನು ಆಸೆಪಟ್ಟದ್ದಕ್ಕೆ ಅವಳು ನನ್ನನ್ನೇ ತೆಗೆದುಕೊಳ್ಳುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಗಿತ್ತು. ಒಬ್ಬಳೇ ಇದ್ದಾಗ ನನ್ನ ಹೆಸರನ್ನು ನಾನೇ ಮೆಲ್ಲಗೆ ಕರೆದು, ನಾನೇ 'ಹಾಜರ್' ಎನ್ನುತ್ತಿದ್ದೆ.

ಮಳೆ ಪೂರ್ತಿ ಬಿಟ್ಟ ಮೇಲೆ ಮದುವೆ. ಅಂಗಡಿಯ ಹಿಂದಿನ ಅಂಗಳಕ್ಕೆ ಚಪ್ಪರ ಹಾಕಿದ್ದರು. ಮದುಮಗನ ಕಡೆಯವರು ಸಂಜೆಯ ಬಸ್ಸಿಗೆ ಕಡಬಕ್ಕೆ ಮರಳಬೇಕಿದ್ದರಿಂದ ಮಧ್ಯಾಹ್ನದ ನಮಾಜಾದ ಕೂಡಲೇ ನಿಕಾಹ್ ಎಂದು ನಿಗದಿಯಾಗಿತ್ತು. ನಾನು ಒಳಕೋಣೆಯಲ್ಲಿ, ಅಕ್ಕನ ಕುಪ್ಪಾಯದಲ್ಲಿ, ಅಕ್ಕನ ಹದಿಮೂರು ಉಂಗುರಗಳ ಭಾರಕ್ಕೆ ತಲೆ ತಗ್ಗಿಸಿ ಕೂತಿದ್ದೆ. ಪಕ್ಕದಲ್ಲಿ ದೊಡ್ಡಪ್ಪನ ತಾಯಿ, ನಮ್ಮ ಅಜ್ಜಿ. ಅಂಗಳಕ್ಕೂ ನಮಗೂ ನಡುವೆ ಒಂದು ಬಾಗಿಲು, ಬಾಗಿಲಿಗೆ ಅಂಗಡಿಯ ಪರದೆ ಬಟ್ಟೆ. ಹೆಂಗಸರ ಹಾಡು ನಿಂತಿತು.

ನಮ್ಮಲ್ಲಿ ನಿಕಾಹ್‌ಗೆ ಹುಡುಗಿ ಎದುರು ಬರುವುದಿಲ್ಲ. ಬಾಪನೋ, ಬಾಪನಿಲ್ಲದವಳಿಗೆ ದೊಡ್ಡಪ್ಪನೋ ಮದುಮಗನ ಕೈ ಹಿಡಿದು ಕೂರುತ್ತಾರೆ. ಮಸೀದಿಯ ಖತೀಬರು ಒಂದೊಂದೇ ಮಾತು ಹೇಳಿಕೊಡುತ್ತಾರೆ, ಅವರು ಅದನ್ನೇ ಹೇಳುತ್ತಾರೆ. ಹುಡುಗಿಯ ಹೆಸರು ಬರುವಲ್ಲಿ ಮಾತ್ರ ಖತೀಬರು ನಿಲ್ಲಿಸುತ್ತಾರೆ. ಅದನ್ನು ಮನೆಯವರೇ ಹೇಳಬೇಕು. ಆಗ ನಮ್ಮ ಊರಿಗೆ ಬಂದಿದ್ದ ಖತೀಬರು ಕಾಸರಗೋಡಿನ ಕಡೆಯವರು, ಹೊಸಬರು. ಅವರಿಗೆ ಈ ಮನೆಯ ಹೆಣ್ಣುಮಕ್ಕಳು ಯಾರೆಂದು ತಿಳಿಯದು.

ಮಾತು ಅಲ್ಲಿಗೆ ಬಂದು ನಿಂತಿತು. ದೊಡ್ಡಪ್ಪನ ಸ್ವರ ಪರದೆಯಾಚೆಯಿಂದ ಸ್ಪಷ್ಟವಾಗಿ ಕೇಳಿತು.

"ನನ್ನ ಮಗಳು," ಎಂದರು. ಆಮೇಲೆ ಅಕ್ಕನ ಹೆಸರು ಹೇಳಿದರು.

ಚಪ್ಪರದಲ್ಲಿ ಒಬ್ಬರೂ ಮಿಸುಕಲಿಲ್ಲ. ಮಿಸುಕಲು ಅವರಿಗೆ ಕಾರಣವೇ ಇರಲಿಲ್ಲ. ಯಾವ ಹೆಸರು ಸತ್ತವಳದ್ದು, ಯಾವುದು ಬದುಕಿದವಳದ್ದು ಎಂದು ತಿಳಿದ ಗಂಡಸು ಅಷ್ಟು ಜನರಲ್ಲಿ ದೊಡ್ಡಪ್ಪ ಒಬ್ಬರೇ. ಬಾಪನಿಲ್ಲದ ಹುಡುಗಿಯನ್ನು 'ನನ್ನ ಮಗಳು' ಎಂದರಲ್ಲ, ಎಂಥ ದೊಡ್ಡ ಮನಸ್ಸು ಎಂದು ಕೆಲವರು ಮೆಚ್ಚಿಕೊಂಡರಂತೆ. ಮದುಮಗ ಒಪ್ಪಿಕೊಂಡೆ ಎಂದ. ಅದೂ ಕೇಳಿತು.

ಒಳಗಿದ್ದ ನಮಗೆಲ್ಲ ಗೊತ್ತಿತ್ತು. ಉಮ್ಮ ಬಾಯಿಗೆ ತಲೆಯ ವಸ್ತ್ರ ಅದುಮಿಕೊಂಡರು. ಹೊರಗಿನ ಗಂಡಸರ ಸಭೆಗೆ ಒಳಗಿನಿಂದ ಹೆಂಗಸಿನ ಸ್ವರ ಹೋದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಆದರೂ ನಾನು ಎದ್ದೆ. ಅರ್ಧ ಏಳುವಾಗಲೇ ಅಜ್ಜಿಯ ಕೈ ನನ್ನ ಬಾಯಿಯ ಮೇಲೆ ಬಂತು. ಅವರ ಬೆರಳಲ್ಲಿ ಮದರಂಗಿಯ ವಾಸನೆ ಇತ್ತು.

"ಸ್ವಲ್ಪ ಹೊತ್ತು ಕೂತುಕೋ ಮಗಳೇ," ಎಂದು ಕಿವಿಯಲ್ಲಿ ಹೇಳಿದರು. "ಆ ಪಾಪದ್ದರ ಹೆಸರು ಒಂದು ಸಲವೂ ನಾಲ್ಕು ಜನರ ಮುಂದೆ ಬರಲಿಲ್ಲ. ಇವತ್ತು ಬಂತು. ಸ್ವಲ್ಪ ಹೊತ್ತು ಇರಲಿ."

ನಾನು ಕೂತೆ. ಕೂತದ್ದು ಅಕ್ಕನ ಮೇಲಿನ ಪ್ರೀತಿಯಿಂದಲೋ ಹೆದರಿಕೆಯಿಂದಲೋ ಎಂದು ಯಾರಾದರೂ ಕೇಳಿದರೆ, ಹೆದರಿಕೆಯಿಂದ. ಹೊರಗೆ ಊಟ ನಡೆಯಿತು. ಒಳಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಮಾತ್ರ ಕೋಣೆಯಲ್ಲಿ ಒಬ್ಬಳು ಹೆಚ್ಚಾಗಿದ್ದಾಳೆ ಅನಿಸುತ್ತಿತ್ತು. ನಾನು ತಲೆಯೆತ್ತಿ ಎಣಿಸಿದೆ, ಎಲ್ಲ ಸರಿಯಾಗಿಯೇ ಇತ್ತು. ಎಣಿಸುವಾಗ ನನ್ನನ್ನು ಸೇರಿಸಿದ್ದೆನೋ ಬಿಟ್ಟಿದ್ದೆನೋ ಎಂಬುದು ಮಾತ್ರ ಖಚಿತವಾಗಲಿಲ್ಲ.

ಊಟವಾದ ಮೇಲೆ ಮದುಮಗನನ್ನು ಮಹಡಿಯ ಕೋಣೆಗೆ ಕರೆತಂದರು. ನಾನು ಮಂಚದ ಅಂಚಿನಲ್ಲಿದ್ದೆ. ಮದುಮಗ ಮೊದಲು ಆಡುವ ಮಾತು ಹುಡುಗಿಯ ಹೆಸರು ಕೇಳುವುದು. ಹುಡುಗಿ ನಾಚಿಕೆಯಿಂದ ಸುಮ್ಮನಿರುತ್ತಾಳೆ, ಬಾಗಿಲ ಬಳಿ ನಿಂತ ಹಿರಿಯ ಹೆಂಗಸು ಅವಳ ಪರವಾಗಿ ಹೇಳುತ್ತಾಳೆ. ಇದು ಕ್ರಮ. ಬಾಗಿಲ ಬಳಿ ನಿಂತದ್ದು ದೊಡ್ಡಮ್ಮ.

"ಹೆಸರೆಂತ?" ಎಂದ ಅವನು. ಹತ್ತಿರದಿಂದ ಕೇಳಿದ ಮೊದಲ ಸ್ವರ. ಅದರಲ್ಲಿಯೂ ಅವಸರ ಇರಲಿಲ್ಲ.

ನನ್ನ ಬೆನ್ನ ಹಿಂದಿನಿಂದ ದೊಡ್ಡಮ್ಮ ಅಕ್ಕನ ಹೆಸರು ಹೇಳಿದರು. ದೊಡ್ಡಪ್ಪನದ್ದು ಬಾಯಿ ತಪ್ಪಿ ಬಂದದ್ದೋ ಏನೋ, ಇದು ಹಾಗಲ್ಲ. ಮೆಲ್ಲಗೆ, ಸಂತೋಷದಿಂದ ಹೇಳಿದರು. ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ನಮ್ಮಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾನು ಸಾಯುವವರೆಗೂ ಅವನಿಗೆ ತಿಳಿಯುತ್ತಿರಲಿಲ್ಲ. ಊಟ, ಬಟ್ಟೆ, ಮಕ್ಕಳು ಎಲ್ಲ ನನಗೆ ಸಿಗುತ್ತಿತ್ತು, ಸಿಕ್ಕಿದ್ದು ನನಗೆ ಅಂತ ಮಾತ್ರ ಆಗುತ್ತಿರಲಿಲ್ಲ. ಹೇಳಿದರೆ, ಅವಳ ಕೈಯಿಂದ ಅವನನ್ನು ಎರಡನೇ ಸಲ ಕಿತ್ತುಕೊಂಡ ಹಾಗೆ. ನೆರಳಿನ ಕಡೆಯ ಆ ಬೆಚ್ಚಗಿನ ಮರ ನೆನಪಾಯಿತು.

"ಅಲ್ಲ," ಎಂದೆ. "ಅದು ನನ್ನ ಹೆಸರಲ್ಲ."

ದೊಡ್ಡಮ್ಮನ ಬಳೆ ಬಾಗಿಲಿಗೆ ತಾಗಿ ಸದ್ದಾಯಿತು. ಅವನು ನನ್ನನ್ನೂ ಬಾಗಿಲನ್ನೂ ನೋಡಿದ.

"ಮತ್ತೆ ಅದು ಯಾರ ಹೆಸರು?"

"ಅಕ್ಕನದ್ದು. ತೀರಿಹೋದವಳದ್ದು. ಕೆಳಗೆ ಹೇಳಿದ್ದೂ ಅದೇ."

ಅವನು ಕೂಗಾಡಲಿಲ್ಲ. ಕುಡಿಯಲು ನೀರು ಕೇಳಿದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು, ಲೋಟ ಹಿಡಿದುಕೊಂಡೇ ಇಳಿದುಹೋದ. ದೊಡ್ಡಮ್ಮ ಒಳಗೆ ಬಂದು ನನ್ನ ಎದುರು ನಿಂತರು. ನಾನು ಪೆಟ್ಟು ಬೀಳುತ್ತದೆಂದು ಎಣಿಸಿದೆ.

"ಎರಡನೇ ಸಲ ಮಣ್ಣಿಗೆ ಕೊಟ್ಟೆಯಲ್ಲ ಅವಳನ್ನು," ಎಂದರು. ಅಷ್ಟೇ ಹೇಳಿ ಹೋದರು.

ಕೆಳಗೆ ಅವನು ಖತೀಬರನ್ನು ಬದಿಗೆ ಕರೆದು ವಿಷಯ ತಿಳಿಸಿದನಂತೆ. ಖತೀಬರು ಜನರ ಮುಂದೆ ಏನೂ ಹೇಳದೆ, ಇಳಿಹೊತ್ತಿನ ಅಸರ್ ನಮಾಜು ಮುಗಿಯಲಿ ಎಂದರು. ನಮಾಜಾಯಿತು, ಹೆಚ್ಚಿನವರು ಬಸ್ಸಿಗೆ ಹೊರಟರು. ಅಂಗಡಿಯ ಒಳಗೆ ಬಾಗಿಲು ಹಾಕಿ, ಸಾಕ್ಷಿಗೆ ಇಬ್ಬರನ್ನು ಉಳಿಸಿಕೊಂಡು ಖತೀಬರು ಕೂತರು. ನನ್ನನ್ನು ಕೆಳಗೆ ಕರೆತಂದು ಪರದೆಯ ಹಿಂದೆ ನಿಲ್ಲಿಸಿದರು. ಆಗ ಅವರು ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದರು.

"ಇನ್ನು ತಪ್ಪು ಆಗುದು ಬೇಡ," ಎಂದರು. "ಹುಡುಗಿಯೇ ಹೇಳಲಿ. ನಾವೆಲ್ಲ ಕೇಳ್ತೇವೆ."

ಶಾಲೆಯಲ್ಲಿ ಹೇಳುತ್ತಿದ್ದಷ್ಟೇ ಜೋರಾಗಿ ನನ್ನ ಹೆಸರು ಹೇಳಿದೆ. ಅಂಗಡಿಯ ಬಟ್ಟೆಯ ಕಟ್ಟುಗಳ ನಡುವೆ ಅದು ಬೇರೆ ಯಾರದೋ ಸ್ವರದ ಹಾಗೆ ಕೇಳಿತು.

ಈಗ ದೊಡ್ಡಪ್ಪ ಹೇಳಬೇಕಿತ್ತು. ಖತೀಬರು ಒಂದೊಂದೇ ಮಾತು ಹೇಳಿಕೊಟ್ಟರು, ದೊಡ್ಡಪ್ಪ ಹೇಳುತ್ತಾ ಬಂದರು. ಹೆಸರಿನ ಜಾಗಕ್ಕೆ ಬಂದು ನಿಂತರು. ನಾನು ಪರದೆಯ ಬಟ್ಟೆಗೆ ಹಣೆ ತಾಗಿಸಿ ಕಾದೆ. ಹೊರಗೆ ಬಸ್ಸಿನ ಸದ್ದು ಬಂದು ಹೋಯಿತು. ಇನ್ನೊಮ್ಮೆ ಅಕ್ಕನ ಹೆಸರೇ ಬಂದರೆ ನಾನು ಮತ್ತೆ ಏಳಲಾರೆ ಎಂದು ನನಗೆ ಗೊತ್ತಿತ್ತು. ಅವರ ಉಸಿರು ಕೇಳುತ್ತಿತ್ತು. ಮುಚ್ಚಿದ್ದ ಎಡಗಿವಿಯ ತುದಿ ಸುಡತೊಡಗಿತು.

"ನನ್ನ ತಮ್ಮನ ಮಗಳು," ಎಂದರು ಕೊನೆಗೂ. ಆಮೇಲೆ ನನ್ನ ಹೆಸರು ಹೇಳಿದರು. ಹೇಳಿ ಮುಗಿಸುವಾಗ ಗಂಡಸರ ಎದುರಲ್ಲೇ ಅತ್ತರು. ಮಗಳು ತೀರಿದ ದಿನ ಅವರು ಅತ್ತಿರಲಿಲ್ಲ.

ಅವನು ಎರಡನೇ ಸಲ ಒಪ್ಪಿಕೊಂಡೆ ಎಂದ. ಮಸೀದಿಯ ಪುಸ್ತಕದಲ್ಲಿ ಮಧ್ಯಾಹ್ನ ಬರೆದದ್ದನ್ನು ಹೊಡೆದುಹಾಕಲು ಖತೀಬರು ಪೆನ್ನು ತೆಗೆದಾಗ, "ಅದು ಇರಲಿ. ಕೆಳಗೆ ಇನ್ನೊಂದು ಬರೆಯಿರಿ" ಎಂದನಂತೆ. ಹಾಗೆ ಮಾಡಲು ಕ್ರಮ ಉಂಟೋ ಇಲ್ಲವೋ, ಅವರು ಹಾಗೆಯೇ ಮಾಡಿದರು. ಮಧ್ಯಾಹ್ನದಿಂದ ಅಸರ್‌ವರೆಗೆ ಅಕ್ಕ ಮದುವೆಯಾದ ಹೆಣ್ಣಾಗಿದ್ದಳು. ಮದುವೆಯಾಗಿ ತಿಂಗಳ ಮೇಲೆ ಅವನು ನನಗೊಂದು ನೈಲಾನ್ ಸೀರೆ ತಂದುಕೊಟ್ಟ. ನಾನು ಕೇಳಿರಲಿಲ್ಲ. ಅದನ್ನು ಮುಷ್ಟಿಯೊಳಗೆ ಹಿಡಿದು ನೋಡಿದೆ, ಇಡೀ ಸೀರೆ ಹಿಡಿಯಿತು. ಉಡಲು ಧೈರ್ಯ ಬರಲು ಎರಡು ವರ್ಷ ಹಿಡಿಯಿತು.

ದೊಡ್ಡಮ್ಮ ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ನನ್ನ ಹೆರಿಗೆಗಳನ್ನೆಲ್ಲ ಅವರೇ ನೋಡಿಕೊಂಡರು, ನನ್ನ ಮಕ್ಕಳಿಗೆ ಎಣ್ಣೆ ಹಚ್ಚಿ ಮೀಯಿಸಿದರು. ನನ್ನನ್ನು ಮಾತ್ರ ಆ ಹೆಸರಿನಿಂದಲೂ ಕರೆಯಲಿಲ್ಲ, ಈ ಹೆಸರಿನಿಂದಲೂ ಕರೆಯಲಿಲ್ಲ. ದೊಡ್ಡಪ್ಪನಿಗೂ ಆ ದಿನ ಹೇಳಿದ್ದೇ ಕೊನೆ, ಮತ್ತೆ ಕೆಮ್ಮಿಗೇ ಮರಳಿದರು. ಉಮ್ಮ ಹೋದರು, ಅಜ್ಜಿ ಹೋದರು. ಗಂಡ ಐವತ್ತು ವರ್ಷ 'ಕೇಳ್ತಾ?' ಎಂದೇ ಕರೆದು, ಅವನೂ ಹೋದ. ಮಕ್ಕಳಿಗೆ ನಾನು ಉಮ್ಮ, ಮೊಮ್ಮಕ್ಕಳಿಗೆ ಅಜ್ಜಿ. ಅಷ್ಟು ಜಗಳವಾಡಿ ಉಳಿಸಿಕೊಂಡ ಹೆಸರನ್ನು ಈಗ ಬಾಯಿಬಿಟ್ಟು ಕರೆಯುವವರು ಒಬ್ಬರೂ ಉಳಿದಿಲ್ಲ.

ಅಕ್ಕನ ಹೆಸರನ್ನು ನನ್ನ ಮಗ ತನ್ನ ಹಿರಿಯ ಮಗಳಿಗೆ ಇಟ್ಟ. ಯಾರೂ ಹೇಳಿದ್ದಲ್ಲ, ಅವನಿಗೆ ಚಂದ ಕಂಡಿತಂತೆ. ಹುಡುಗಿ ಪುತ್ತೂರಿನ ಕಾಲೇಜಿಗೆ ಹೋಗುತ್ತಾಳೆ, ಕಿವಿಗೆ ಒಂದೊಂದೇ ಓಲೆ. ಬೀದಿಯಲ್ಲಿ ಗೆಳತಿಯರು, ಮನೆಯಲ್ಲಿ ತಮ್ಮಂದಿರು, ದಿನಕ್ಕೆ ಇಪ್ಪತ್ತು ಸಲ ಆ ಹೆಸರನ್ನು ಗಟ್ಟಿಯಾಗಿ ಕರೆಯುತ್ತಾರೆ, ಯಾರಿಗೂ ಅದು ದೊಡ್ಡ ವಿಷಯವಲ್ಲ. ನಾನು ಮಹಡಿಯಲ್ಲಿ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತಿರುತ್ತೇನೆ. ಮೊನ್ನೆ ಸೊಸೆ ಮೆಟ್ಟಿಲ ಬುಡದಿಂದ ಮಗಳನ್ನು ಕೂಗಿದಳು. ಹುಡುಗಿ ಮನೆಯಲ್ಲೇ ಇರಲಿಲ್ಲ.

"ಆ," ಎಂದೆ ನಾನು.